ಮೋಟಾರ್ ತಿರುಗುತ್ತದೆ, ಬ್ಲೇಡ್ ತಿರುಗುವುದಿಲ್ಲ: ಕರೆಂಟ್ ಹುಲ್ಲು ಕಟರ್‌ನ ದೋಷ ಹುಡುಕುವ ಬಗೆ

ಒಂದೇ ಮೋಟಾರ್, ಅದರ ಕೋಲಿಗೆ ಸಿಕ್ಕಿಸಲು ಮೂರು ನಾಲ್ಕು ಅಟ್ಯಾಚ್‌ಮೆಂಟ್. ಹುಲ್ಲು ಹೊಡೆಯಲು ನೈಲಾನ್ ದಾರದ ಹೆಡ್, ಗಟ್ಟಿ ಕಳೆಗೆ ಮೂರು ಹಲ್ಲಿನ ಬ್ಲೇಡ್, ಬೇಲಿ ಸವರಲು ಹೆಡ್ಜ್ ಟ್ರಿಮ್ಮರ್, ಮೇಲಿನ ಕೊಂಬೆಗೆ ಚೈನ್ ಗರಗಸ. ಮನೆ ಸುತ್ತಲಿನ ಹತ್ತಿಪ್ಪತ್ತು ಗುಂಟೆ ಜಾಗಕ್ಕೆ ಇದು ನಿಜಕ್ಕೂ ಒಳ್ಳೆಯ ಸಾಧನ. ಪೆಟ್ರೋಲ್ ಕಟರ್‌ನ ಹಾಗೆ ಆಯಿಲ್ ಬೆರೆಸುವ ಕೆಲಸವಿಲ್ಲ, ಹಗ್ಗ ಎಳೆದೆಳೆದು ತೋಳು ಸೋಲುವುದಿಲ್ಲ. ಆದರೆ ಇದು ಬಿಚ್ಚಿ ಜೋಡಿಸುವ ಮೆಷಿನ್. ಅದರ ತೊಂದರೆಗಳೂ ಬಹುಪಾಲು ಬಿಚ್ಚಿ ಜೋಡಿಸುವ ಜಾಗದಲ್ಲೇ ಹುಟ್ಟುತ್ತವೆ.

ಮೆಷಿನ್ ಕೈಕೊಟ್ಟ ಕೂಡಲೇ ಎಲ್ಲರ ಅನುಮಾನ ಮೊದಲು ಹೋಗುವುದು ಮೋಟಾರಿನ ಮೇಲೆ. ‘ಕಾಯಿಲ್ ಹೋಗಿರಬೇಕು’ ಅಂತ ಸ್ಕ್ರೂ ಡ್ರೈವರ್ ಹಿಡಿದು ಕವಚ ಬಿಚ್ಚಲು ಕೂರುತ್ತಾರೆ. ಮೋಟಾರ್ ಸರಿಯಾಗಿಯೇ ಇರುತ್ತದೆ. ತಪ್ಪು ಎಕ್ಸ್‌ಟೆನ್ಷನ್ ವೈರಿನಲ್ಲೋ, ಎರಡು ಕೋಲು ಸೇರುವ ಜಾಗದಲ್ಲೋ (ಕಪ್ಲಿಂಗ್), ಬ್ಲೇಡ್ ಕೂರಿಸಿದ ರೀತಿಯಲ್ಲೋ ಇರುತ್ತದೆ. ಹಾಗಾಗಿ ಮೋಟಾರನ್ನು ಕೊನೆಗೆ ಇಟ್ಟುಕೊಳ್ಳಿ. ಪ್ಲಗ್‌ನಿಂದ ಶುರು ಮಾಡಿ ಬ್ಲೇಡಿನ ತುದಿಯವರೆಗೆ ಒಂದೊಂದೇ ಜೋಡಣೆ ನೋಡುತ್ತಾ ಹೋಗಿ.

ಇಲ್ಲಿ ಬರೆದಿರುವುದು 230 ವೋಲ್ಟ್ ಕರೆಂಟಿನಲ್ಲಿ ವೈರ್ ಸಿಕ್ಕಿಸಿ ಓಡಿಸುವ, 1000 ವ್ಯಾಟ್ ಆಸುಪಾಸಿನ ಮೆಷಿನ್‌ಗಳ ಬಗ್ಗೆ. ಬ್ಯಾಟರಿಯದ್ದರ ಬಗ್ಗೆ ಕೊನೆಯ ಹೊತ್ತಿಗೆ ಎರಡು ಮಾತು ಇದೆ.

ಕೈ ಹಾಕುವ ಮೊದಲು

ಪ್ಲಗ್ ಕಿತ್ತಿಡಿ. ಬೋರ್ಡಿನ ಸ್ವಿಚ್ ಆಫ್ ಮಾಡಿದರೆ ಸಾಲದು. ತೋಟದ ಮೂಲೆಯಲ್ಲಿ ನೀವು ಬ್ಲೇಡ್ ಬಿಚ್ಚುತ್ತಿರುವಾಗ ಮನೆಯೊಳಗಿನವರಿಗೆ ಅದು ಗೊತ್ತಿರುವುದಿಲ್ಲ. ಯಾರೋ ಬಂದು ಸುಮ್ನೆ ಸ್ವಿಚ್ ಹಾಕಿಬಿಡಬಹುದು. ಮೆಷಿನ್ ಕಡೆಯ ಪ್ಲಗ್ಗನ್ನೇ ಕಿತ್ತು, ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಬ್ಲೇಡ್ ನಿಂತಿದೆ ಅಂತ ಕಣ್ಣಲ್ಲಿ ಖಾತ್ರಿ ಆದ ಮೇಲೆ, ದಪ್ಪ ಕೈಗವಸು ಹಾಕಿ ಮುಟ್ಟಿ. ಸ್ವಿಚ್ ಬಿಟ್ಟ ಮೇಲೂ ಅದು ಕೆಲವು ಸೆಕೆಂಡ್ ತಿರುಗುತ್ತಲೇ ಇರುತ್ತದೆ.

ಮೆಷಿನ್ನಿನ ಲೇಬಲ್ ನೋಡಿ. ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಷನ್ ಇರುವ ಮೆಷಿನ್. ಅದರ ವೈರಿನಲ್ಲಿ ಎರಡೇ ತಂತಿ ಇರುತ್ತವೆ, ಅರ್ಥಿಂಗ್ ಇರುವುದಿಲ್ಲ. ಅದು ದೋಷವಲ್ಲ, ಅದರ ವಿನ್ಯಾಸವೇ ಹಾಗೆ. ಆದರೆ ಒದ್ದೆ ಹುಲ್ಲಿನ ಮೇಲೆ ನಿಂತು ಕೆಲಸ ಮಾಡುವಾಗ ವೈರ್ ಕತ್ತರಿಸಿಹೋದರೆ ನಿಮ್ಮನ್ನು ಉಳಿಸುವುದು ಅರ್ಥಿಂಗೂ ಅಲ್ಲ, ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಎಂಸಿಬಿ ಸ್ವಿಚ್ಚೂ ಅಲ್ಲ. ಎಂಸಿಬಿ ಬೀಳಬೇಕಾದರೆ ಹತ್ತಾರು ಆಂಪಿಯರ್ ಹರಿಯಬೇಕು. ಮನುಷ್ಯನಿಗೆ ಅದರ ನೂರನೇ ಒಂದು ಪಾಲೂ ಜಾಸ್ತಿಯೇ. 30 ಮಿಲಿಆಂಪಿಯರ್ ಸೋರಿದರೆ ಸಾಕು, ಕರೆಂಟ್ ಕಡಿದುಹಾಕುವುದು ಆರ್‌ಸಿಸಿಬಿ. ತೋಟಕ್ಕೆ ಎಳೆಯುವ ವೈರ್ ಆರ್‌ಸಿಸಿಬಿ ಇರುವ ಬೋರ್ಡಿನಿಂದಲೇ ಬರಬೇಕು. ಅದರ ಮೇಲೆ ‘ಟಿ’ ಅಂತ ಬರೆದ ಸಣ್ಣ ಬಟನ್ ಇರುತ್ತದೆ. ಕೆಲಸಕ್ಕೆ ಮೊದಲು ಒತ್ತಿ ನೋಡಿ. ಟಪ್ ಅಂತ ಬಿದ್ದರೆ ಸರಿ. ಬೀಳದಿದ್ದರೆ ಅವತ್ತು ಮೆಷಿನ್ ಓಡಿಸಬೇಡಿ. ಹಳೆಯ ಫ್ಯೂಸ್ ಬೋರ್ಡ್ ಇರುವ ಮನೆಯಾದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಆರ್‌ಸಿಸಿಬಿ ಹಾಕಿಸಿಕೊಳ್ಳಿ. ಈ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ.

ದೋಷ ಯಾವ ಅರ್ಧದಲ್ಲಿ?

ಜೋಡಣೆಯ ಮೆಷಿನ್ ಕೊಂಡವರಿಗೆ ಒಂದು ದೊಡ್ಡ ಅನುಕೂಲ ಇದೆ. ಅದನ್ನು ಎರಡು ಭಾಗ ಮಾಡಿ ಪರೀಕ್ಷೆ ಮಾಡಬಹುದು. ಮೇಲರ್ಧದಲ್ಲಿ ಸ್ವಿಚ್, ಹಿಡಿ, ಮೋಟಾರ್. ಕೆಳಅರ್ಧದಲ್ಲಿ ಕೋಲು, ಗೇರ್ ಬಾಕ್ಸ್, ಬ್ಲೇಡ್ ಅಥವಾ ದಾರ. ದಾರದ ಹೆಡ್ ಹಾಕಿದಾಗ ವಿಪರೀತ ನಡುಗುತ್ತಿದೆ ಅಂದುಕೊಳ್ಳಿ. ಪ್ಲಗ್ ಕಿತ್ತು, ಅದನ್ನು ಬಿಚ್ಚಿ, ಹೆಡ್ಜ್ ಟ್ರಿಮ್ಮರ್ ಹಾಕಿ ಓಡಿಸಿ. ನಡುಕ ಹೋಯಿತಾ? ಹಾಗಿದ್ದರೆ ದೋಷ ಕೆಳಗಿನ ಅಟ್ಯಾಚ್‌ಮೆಂಟಿನದ್ದು. ಯಾವುದನ್ನು ಹಾಕಿದರೂ ಅದೇ ತೊಂದರೆ ಇದ್ದರೆ ಮೇಲರ್ಧದ್ದು, ಇಲ್ಲವೇ ಕಪ್ಲಿಂಗ್‌ದು. ಐದು ನಿಮಿಷದ ಈ ಕೆಲಸ ಅರ್ಧ ದಿನದ ಹುಡುಕಾಟ ಉಳಿಸುತ್ತದೆ.

ಅಟ್ಯಾಚ್‌ಮೆಂಟ್ ಇಲ್ಲದೆ ಬರೀ ಮೇಲರ್ಧವನ್ನು ಓಡಿಸಿ ನೋಡೋಣ ಅಂತ ಅನಿಸಬಹುದು. ಬೇಡ. ತೆರೆದ ಶಾಫ್ಟ್ ತುದಿ ತಿರುಗುತ್ತಿರುವಾಗ ಬಟ್ಟೆ, ಬೆರಳು ಯಾವುದು ಸಿಕ್ಕರೂ ಅಪಾಯ.

ಏನೂ ಆಗುವುದೇ ಇಲ್ಲ

ಮೊದಲು ಸ್ವಿಚ್. ಈ ಮೆಷಿನ್‌ಗಳಲ್ಲಿ ಟ್ರಿಗರ್ ಒತ್ತುವ ಮೊದಲು ಇನ್ನೊಂದು ಲಾಕ್ ಬಟನ್ ಒತ್ತಿ ಹಿಡಿಯಬೇಕು. ಸಾಮಾನ್ಯವಾಗಿ ಅದು ಹಿಡಿಯ ಮೇಲೋ ಪಕ್ಕದಲ್ಲೋ ಇರುತ್ತದೆ. ಕೆಸರು, ಹುಲ್ಲಿನ ಪುಡಿ ಸೇರಿ ಆ ಬಟನ್ ಪೂರ್ತಿ ಒಳಗೆ ಹೋಗದಿದ್ದರೆ ಟ್ರಿಗರ್ ಕೂಡ ಅಲ್ಲಾಡುವುದಿಲ್ಲ. ಪ್ಲಗ್ ಕಿತ್ತು, ಒಣ ಬ್ರಷ್‌ನಿಂದ ಕೊಡವಿ. ಕೆಲವರು ಈ ಬಟನ್ ಸದಾ ಒತ್ತಿಕೊಂಡೇ ಇರಲಿ ಅಂತ ಟೇಪ್ ಸುತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೆಷಿನ್ ಎತ್ತುವಾಗ ಬೆರಳು ತಾಗಿ ಸ್ಟಾರ್ಟ್ ಆಗದಿರಲಿ ಅಂತಲೇ ಅದನ್ನು ಇಟ್ಟಿರುವುದು.

ಆಮೇಲೆ ಸಾಕೆಟ್. ಅದೇ ಎಕ್ಸ್‌ಟೆನ್ಷನ್ ತುದಿಗೆ ಒಂದು ಇಸ್ತ್ರಿಪೆಟ್ಟಿಗೆ ಹಾಕಿ ನೋಡಿ. ಬಲ್ಬ್ ಹಾಕಿ ನೋಡಿದರೆ ಸಾಲದು. ಸಡಿಲ ಸಂಪರ್ಕದಲ್ಲೂ ಬಲ್ಬ್ ಉರಿಯುತ್ತದೆ, ನಾಲ್ಕೈದು ಆಂಪಿಯರ್ ಎಳೆಯುವ ಮೋಟಾರ್ ಓಡುವುದಿಲ್ಲ. ಎರಡು ಪಿನ್ನಿನ ಪ್ಲಗ್ಗನ್ನು ಎಲ್ಲ ಬಗೆಯ ಪಿನ್ ಹಿಡಿಯುವ ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದಾಗ ಅದು ಅಲ್ಲಾಡುತ್ತಲೇ ಇರುತ್ತದೆ. ಪಿನ್ ಬುಡ ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ಮೆತ್ತಗಾಗಿದ್ದರೆ ಕಾರಣ ಅಲ್ಲೇ ಸಿಕ್ಕಿತು.

ಇಸ್ತ್ರಿಪೆಟ್ಟಿಗೆ ಬಿಸಿಯಾಗುತ್ತದೆ, ಮೆಷಿನ್ ಮಾತ್ರ ಓಡುವುದಿಲ್ಲ ಅಂದರೆ ಮೆಷಿನ್ನಿನ ಸ್ವಂತ ವೈರ್ ನೋಡಿ. ವೈರ್ ಒಳಗೆ ತುಂಡಾಗುವುದು ಸಾಮಾನ್ಯವಾಗಿ ಎರಡೇ ಕಡೆ: ಪ್ಲಗ್ಗಿನ ಬುಡದಲ್ಲಿ, ಮತ್ತು ವೈರ್ ಹಿಡಿಯೊಳಗೆ ಹೋಗುವ ಜಾಗದಲ್ಲಿ. ಎಳೆದಾಡಿ ಎಳೆದಾಡಿ ಒಳಗಿನ ತಾಮ್ರ ಕಡಿದಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಹಿಡಿಯ ಹಿಂದೆ ಒಂದು ಕೊಕ್ಕೆ ಇರುತ್ತದೆ ನೋಡಿ, ಅದು ಎಕ್ಸ್‌ಟೆನ್ಷನ್ ವೈರನ್ನು ಮಡಚಿ ಸಿಕ್ಕಿಸುವುದಕ್ಕೆ. ಅದನ್ನು ಬಳಸಿದರೆ ಎಳೆತ ಕೊಕ್ಕೆಯ ಮೇಲೆ ಬೀಳುತ್ತದೆ, ಪ್ಲಗ್ಗಿನ ಮೇಲೆ ಬೀಳುವುದಿಲ್ಲ. ಬಹಳ ಜನ ಅದನ್ನು ಗಮನಿಸುವುದೇ ಇಲ್ಲ.

ಮಲ್ಟಿಮೀಟರ್ ಇದ್ದರೆ ಒಂದು ಸರಳ ಪರೀಕ್ಷೆ ಮಾಡಬಹುದು. ಪ್ಲಗ್ ಸಾಕೆಟ್ಟಿನಲ್ಲಿ ಇರಬಾರದು. ಮೀಟರನ್ನು ಓಮ್‌ಗೆ ತಿರುಗಿಸಿ, ಎರಡು ಕಡ್ಡಿಗಳನ್ನು ಪ್ಲಗ್ಗಿನ ಎರಡು ಪಿನ್‌ಗೆ ಹಿಡಿದು ಟ್ರಿಗರ್ ಒತ್ತಿ. ಕೆಲವೇ ಓಮ್ ತೋರಿಸಿದರೆ ವೈರ್, ಸ್ವಿಚ್, ಮೋಟಾರ್ ಮೂರೂ ಕೂಡಿಕೊಂಡಿವೆ. ಏನೂ ತೋರಿಸದಿದ್ದರೆ ಎಲ್ಲೋ ಕಡಿದಿದೆ. ಟ್ರಿಗರ್ ಒತ್ತಿಕೊಂಡೇ ವೈರಿನ ಎರಡು ಬುಡಗಳನ್ನು ನಿಧಾನಕ್ಕೆ ಬಗ್ಗಿಸಿ. ಮೀಟರಿನ ಓದು ಬಂದು ಹೋಗಿ ಮಾಡಿದರೆ ಕಡಿತ ಅಲ್ಲೇ ಇದೆ. ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲ್ ಇರುವ ಮೆಷಿನ್ನಿನಲ್ಲಿ ಮಾತ್ರ ಈ ಓದನ್ನು ನಂಬಬೇಡಿ.

ವೈರ್, ಸ್ವಿಚ್ ಎರಡೂ ಸರಿ ಇದ್ದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಕೆಲವು ಮೆಷಿನ್‌ಗಳಲ್ಲಿ ಮೋಟಾರಿನ ಎರಡು ಪಕ್ಕದಲ್ಲಿ ಸ್ಕ್ರೂ ಡ್ರೈವರ್ ಕೂರುವ ಸೀಳು ಇರುವ ದುಂಡು ಮುಚ್ಚಳ ಇರುತ್ತವೆ. ಪ್ಲಗ್ ಕಿತ್ತು ಅವನ್ನು ಬಿಚ್ಚಿದರೆ ಸ್ಪ್ರಿಂಗ್ ಜೊತೆ ಕಪ್ಪು ತುಂಡು ಹೊರಗೆ ಬರುತ್ತದೆ. ಅದರ ಉದ್ದ 5 ಮಿಲಿಮೀಟರಿಗೆ ಇಳಿದಿದ್ದರೆ ಬದಲಾಯಿಸಿ. ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಹಳೆಯದನ್ನೇ ವಾಪಸ್ ಹಾಕುವುದಾದರೆ ಯಾವ ಮುಖ ಯಾವ ಕಡೆ ಇತ್ತು ಅಂತ ನೆನಪಿಟ್ಟು ಹಾಗೇ ಹಾಕಿ, ಯಾಕಂದರೆ ಅದು ಒಂದು ಕಡೆಗೆ ಸವೆದು ಕೂತಿರುತ್ತದೆ. ಗಾಳಿ ಕಿಂಡಿಯಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಅದು ಮಾಮೂಲು. ಹಳದಿ ಬೆಂಕಿ ಉಂಗುರದ ಹಾಗೆ ಸುತ್ತುತ್ತಿದ್ದರೆ ತಕ್ಷಣ ನಿಲ್ಲಿಸಿ.

ಚೆನ್ನಾಗಿ ಓಡುತ್ತಿದ್ದದ್ದು ಬಿಸಿಲಿನಲ್ಲಿ ಒಮ್ಮೆಲೇ ನಿಂತರೆ ಒಳಗಿನ ಥರ್ಮಲ್ ಕಟ್ ಬಿದ್ದಿರಬಹುದು. ನೆರಳಿನಲ್ಲಿ ಅರ್ಧ ಗಂಟೆ ಬಿಡಿ. ತಣ್ಣಗಾದ ಮೇಲೆ ಓಡಿದರೆ ಮೋಟಾರ್ ಸರಿ ಇದೆ. ಅಷ್ಟು ಬಿಸಿ ಯಾಕಾಯಿತು ಅಂತ ಮಾತ್ರ ಹುಡುಕಬೇಕು.

ಟ್ರಿಪ್ ಆಗುತ್ತಿದೆ

ಬಿದ್ದಿದ್ದು ಎಂಸಿಬಿಯೋ ಆರ್‌ಸಿಸಿಬಿಯೋ ನೋಡಿಕೊಳ್ಳಿ. ಎರಡರ ಅರ್ಥವೇ ಬೇರೆ. ಎಂಸಿಬಿ ಬಿದ್ದರೆ ಲೋಡ್ ಜಾಸ್ತಿ ಅಥವಾ ಶಾರ್ಟ್. ಬ್ಲೇಡಿಗೆ ಏನೋ ಸಿಕ್ಕಿಕೊಂಡು ಮೋಟಾರ್ ತಿರುಗಲಾರದೆ ನಿಂತಾಗಲೂ ಹೀಗೆ ಆಗುತ್ತದೆ.

ಆರ್‌ಸಿಸಿಬಿ ಬಿದ್ದರೆ ಕರೆಂಟ್ ಎಲ್ಲೋ ನೆಲಕ್ಕೆ ಸೋರುತ್ತಿದೆ. ಮೊದಲು ಮೆಷಿನ್ ತೆಗೆದಿಟ್ಟು ಬರೀ ಎಕ್ಸ್‌ಟೆನ್ಷನ್ ವೈರಿಗೆ ಕರೆಂಟ್ ಕೊಡಿ. ಆಗಲೂ ಬಿದ್ದರೆ ತಪ್ಪು ವೈರಿನದ್ದು. ಬಹುತೇಕ ಸಲ ಹೀಗೇ ಆಗುವುದು. ಎಂದೋ ಕಡಿದುಹೋದ ವೈರನ್ನು ತಿರುಚಿ ಟೇಪ್ ಸುತ್ತಿದ ಗಂಟು ಒದ್ದೆ ಹುಲ್ಲಿನ ಮೇಲೆ ಬಿದ್ದಿರುತ್ತದೆ. ಅಂಥ ಗಂಟು ಇರುವ ವೈರನ್ನು ಮನೆಯೊಳಗೂ ಬಳಸಬಾರದು, ತೋಟದಲ್ಲಂತೂ ಬೇಡವೇ ಬೇಡ.

ವೈರ್ ಒಂದೇ ಇದ್ದಾಗ ಬೀಳದೆ, ಮೆಷಿನ್ ಸಿಕ್ಕಿಸಿದ ಮೇಲೆ ಬಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಅರ್ಥಿಂಗ್ ತಂತಿಯೇ ಇಲ್ಲದ ಮೆಷಿನ್ ಅದು. ಹಾಗಿದ್ದೂ ಕರೆಂಟ್ ನೆಲ ಸೇರಿದೆ ಅಂದರೆ ಒದ್ದೆಯ ಮೂಲಕವೋ ನಿಮ್ಮ ಮೈ ಮೂಲಕವೋ ದಾರಿ ಮಾಡಿಕೊಂಡಿದೆ. ‘ಇನ್ನೊಂದು ಸಲ ಹಾಕಿ ನೋಡೋಣ’ ಅನ್ನಬೇಡಿ. ಆರ್‌ಸಿಸಿಬಿ ಬೈಪಾಸ್ ಮಾಡಿ ಓಡಿಸುವ ಯೋಚನೆಯನ್ನಂತೂ ಹತ್ತಿರ ಬಿಟ್ಟುಕೊಳ್ಳಬೇಡಿ. ಮೆಷಿನ್ ಪೂರ್ತಿ ಒಣಗಿಸಿ, 500 ವೋಲ್ಟ್ ಮೆಗ್ಗರ್ ಇರುವ ರಿಪೇರಿ ಅಂಗಡಿಯಲ್ಲಿ ಇನ್ಸುಲೇಷನ್ ಪರೀಕ್ಷೆ ಮಾಡಿಸಿ. ಮಲ್ಟಿಮೀಟರ್ ಈ ಸೋರಿಕೆಯನ್ನು ನಂಬುವ ಹಾಗೆ ಹಿಡಿಯುವುದಿಲ್ಲ.

ಓಡುತ್ತದೆ, ಆದರೆ ಶಕ್ತಿ ಇಲ್ಲ

ಹಳ್ಳಿ ಕಡೆ ಅತಿ ಹೆಚ್ಚು ಕೇಳುವ ದೂರು ಇದು. ಕಾರಣ ಹೆಚ್ಚಾಗಿ ಮೆಷಿನ್ನಿನ ಹೊರಗೇ ಇರುತ್ತದೆ.

ಲೆಕ್ಕ ನೋಡಿ. 1000 ವ್ಯಾಟಿನ ಮೋಟಾರ್ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಮನೆಯಿಂದ ತೋಟದ ತುದಿಗೆ 50 ಮೀಟರ್ ಎಕ್ಸ್‌ಟೆನ್ಷನ್ ಎಳೆದಿದ್ದೀರಿ. ಕರೆಂಟ್ ಹೋಗಿ ಬರಬೇಕು, ಅಂದರೆ 100 ಮೀಟರ್ ತಾಮ್ರ. ತಂತಿ 0.75 ಚದರ ಮಿಲಿಮೀಟರಿನದ್ದಾದರೆ ದಾರಿಯಲ್ಲೇ ಸುಮಾರು 10 ವೋಲ್ಟ್ ಕರಗುತ್ತದೆ. 1.5 ಆದರೆ 5 ವೋಲ್ಟ್. 2.5 ಆದರೆ ಬರೀ 3. ಹುಲ್ಲು ದಟ್ಟವಾಗಿ ಮೋಟಾರ್ ತಿಣುಕಿದಾಗ ಆಂಪಿಯರ್ ಏರುತ್ತದೆ, ನಷ್ಟವೂ ಏರುತ್ತದೆ.

ಹತ್ತು ವೋಲ್ಟ್ ದೊಡ್ಡದಲ್ಲ ಅನಿಸಬಹುದು. ಆದರೆ ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತಿನಲ್ಲಿ ಮನೆಗೆ ಬರುವ ವೋಲ್ಟೇಜೇ 190ಕ್ಕೆ ಇಳಿದಿದ್ದರೆ? ಮೆಷಿನ್ನಿಗೆ ಸಿಗುವುದು 180. ವೋಲ್ಟೇಜ್ ಐದನೇ ಒಂದು ಭಾಗ ಇಳಿದರೆ ಇಂಥ ಮೋಟಾರಿನ ಶಕ್ತಿ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಕೆಲಸ ಮುಗಿಯಲಿ ಅಂತ ನಾವು ಇನ್ನೂ ಒತ್ತಿ ಹಿಡಿಯುತ್ತೇವೆ. ವೇಗ ಕಮ್ಮಿಯಾದ ಹಾಗೆ ಒಳಗಿನ ಫ್ಯಾನ್ ಎಳೆಯುವ ಗಾಳಿಯೂ ಕಮ್ಮಿ, ಮೋಟಾರ್ ಬಿಸಿಯಾಗುತ್ತದೆ. ‘ಕಾಯಿಲ್ ಹೋಗುವುದು’ ಹೆಚ್ಚಾಗಿ ಈ ದಾರಿಯಲ್ಲೇ.

ಮೆಷಿನ್ ಓಡುತ್ತಿರುವಾಗಲೇ ಎಕ್ಸ್‌ಟೆನ್ಷನ್ ಬಾಕ್ಸಿನ ಪಕ್ಕದ ಸಾಕೆಟ್‌ಗೆ ವೋಲ್ಟ್ ತೋರಿಸುವ ಪ್ಲಗ್ ಮೀಟರ್ ಹಾಕಿ ಓದಿ. ಖಾಲಿ ಇದ್ದಾಗಿನ ಓದು ಉಪಯೋಗಕ್ಕೆ ಬಾರದು. 207ಕ್ಕಿಂತ, ಅಂದರೆ 230ರಿಂದ ಶೇಕಡ 10ಕ್ಕಿಂತ ಕೆಳಗೆ ಇದ್ದರೆ ಅವತ್ತಿಗೆ ಬಿಡಿ, ಬೆಳಗ್ಗೆ ವೋಲ್ಟೇಜ್ ಚೆನ್ನಾಗಿರುವಾಗ ಮಾಡಿ. ಮನೆಯ ಸಣ್ಣ ಇನ್ವರ್ಟರಿನಲ್ಲಿ ಓಡಿಸಲು ಹೋಗಬೇಡಿ. ದೀಪ, ಫ್ಯಾನಿಗೆ ಅಂತ ಇಟ್ಟ 800 ವಿಎ ಇನ್ವರ್ಟರ್ ಈ ಮೋಟಾರನ್ನು ತಾಳುವುದಿಲ್ಲ.

ಇನ್ನೊಂದು ಮಾತು. ಚಕ್ರಕ್ಕೆ ಸುತ್ತಿದ ವೈರನ್ನು ಬೇಕಾದಷ್ಟೇ ಬಿಚ್ಚಿ ಉಳಿದದ್ದನ್ನು ಹಾಗೇ ಬಿಡುವುದು ಅಭ್ಯಾಸ. ಸುತ್ತಿನಲ್ಲಿ ಉಳಿದ ವೈರಿನ ಬಿಸಿ ಹೊರಗೆ ಹೋಗದೆ ಒಳಗೇ ಸೇರಿಕೊಳ್ಳುತ್ತದೆ. ಪೂರ್ತಿ ಬಿಚ್ಚಿ ಹರಡಿ.

ವೈರ್ ಸರಿ, ವೋಲ್ಟೇಜ್ ಸರಿ, ಆದರೂ ತಿಣುಕುತ್ತಿದೆ ಅಂದರೆ ಗಾರ್ಡ್ ನೋಡಿ. ದಾರದ ಹೆಡ್ಡಿನ ಗಾರ್ಡಿನ ಅಂಚಿಗೆ ಒಂದು ಪುಟ್ಟ ಅಲಗು ಇರುತ್ತದೆ. ದಾರ ಜಾಸ್ತಿ ಉದ್ದ ಬಂದರೆ ಅದನ್ನು ಸರಿಯಾದ ಉದ್ದಕ್ಕೆ ಕತ್ತರಿಸುವುದು ಅದರ ಕೆಲಸ. ಹುಲ್ಲು ಮೆತ್ತಿಕೊಳ್ಳುತ್ತದೆ ಅಂತ ಗಾರ್ಡ್ ಬಿಚ್ಚಿಟ್ಟು ಓಡಿಸುವವರು ಬಹಳ. ಆಗ ದಾರ ಉದ್ದುದ್ದ ಬಂದು, ಅಷ್ಟನ್ನೂ ಬೀಸಲು ಮೋಟಾರ್ ಒದ್ದಾಡುತ್ತದೆ. ಕಲ್ಲು ಹಾರಿ ಕಾಲಿಗೆ ಬೀಳುವುದು ಬೇರೆ. ಗಾರ್ಡ್ ವಾಪಸ್ ಹಾಕಿದ ಕೂಡಲೇ ಶಕ್ತಿ ಬಂದ ಹಾಗೆ ಆಗುತ್ತದೆ. ನಿಜಕ್ಕೂ ಬಂದಿರುತ್ತದೆ.

ಗಾಳಿ ಕಿಂಡಿಗಳನ್ನೂ ಒಣ ಬ್ರಷ್‌ನಿಂದ ಸ್ವಚ್ಛ ಮಾಡಿ. ನೀರು ಹಾಕಬೇಡಿ. ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ಹೊಡೆದಿದ್ದರೆ ಆ ಪುಡಿ ಮೋಟಾರಿಗೂ ಹೋಗಿರುತ್ತದೆ, ನಿಮ್ಮ ಮೂಗಿಗೂ. ಅದು ಅನೇಕರಿಗೆ ಅಲರ್ಜಿ ತರುತ್ತದೆ. ಹೂ ಬಿಡುವ ಮೊದಲೇ ಹೊಡೆಯಿರಿ, ಮಾಸ್ಕ್ ಹಾಕಿ.

ಮೋಟಾರ್ ತಿರುಗುತ್ತದೆ, ತಲೆ ತಿರುಗುವುದಿಲ್ಲ

ಸದ್ದು ಜೋರಾಗಿದೆ, ಹುಲ್ಲು ಅಲ್ಲಾಡುವುದಿಲ್ಲ. ಇದು ಕಪ್ಲಿಂಗ್ ಜಾಗದ ದೋಷ. ಪ್ಲಗ್ ಕಿತ್ತು ಎರಡು ಅರ್ಧಗಳನ್ನು ಬೇರೆ ಮಾಡಿ, ಬೆಳಕಿಗೆ ಹಿಡಿದು ಒಳಗೆ ನೋಡಿ.

ಕೆಳಗಿನ ಕೋಲಿನ ಮಧ್ಯದಲ್ಲಿ ಉಕ್ಕಿನ ಶಾಫ್ಟ್ ಕಾಣುತ್ತದೆ. ಅದರ ತುದಿ ಚೌಕವಾಗಿಯೋ, ಹಲ್ಲುಹಲ್ಲಾಗಿಯೋ ಇರುತ್ತದೆ. ಮೇಲಿನ ಕೋಲಿನಲ್ಲಿ ಅದು ಕೂರುವ ಕುಳಿ ಇರುತ್ತದೆ. ಚೌಕದ ಮೂಲೆ ಕುಳಿಯ ಮೂಲೆಗೆ ಸರಿಹೊಂದಿದಾಗ ಮಾತ್ರ ಅದು ಪೂರ್ತಿ ಒಳಗೆ ಇಳಿಯುತ್ತದೆ. ಹೊಂದದಿದ್ದರೆ ಶಾಫ್ಟ್ ಕುಳಿಯ ಬಾಯಿಗೆ ತಗುಲಿ ನಿಂತುಬಿಡುತ್ತದೆ. ಹೊರಗಿನ ಕೊಳವೆಗಳು ಮುಕ್ಕಾಲು ಸೇರಿರುವುದರಿಂದ ನೋಡುವವರಿಗೆ ಜೋಡಿಸಿದ ಹಾಗೇ ಕಾಣುತ್ತದೆ. ಆಗ ಕೊಳವೆಯನ್ನು ಹಿಡಿದಿಡುವ ನಾಬ್ ಬಿಗಿ ಮಾಡಿ ಓಡಿಸಿದರೆ ಚೌಕದ ಮೂಲೆಗಳು ಕುಳಿಯ ಬಾಯಿಯಲ್ಲಿ ಉಜ್ಜಿ ಉಜ್ಜಿ ದುಂಡಗಾಗುತ್ತವೆ. ಒಮ್ಮೆ ದುಂಡಗಾದ ಮೇಲೆ ಎಷ್ಟು ಸರಿಯಾಗಿ ಜೋಡಿಸಿದರೂ ಜಾರುತ್ತದೆ.

ಸರಿಯಾದ ಕ್ರಮ ಹೀಗೆ. ಕೆಳಗಿನ ಕೋಲಿನ ಮೇಲೆ ಸ್ಪ್ರಿಂಗ್ ಇರುವ ಸಣ್ಣ ಪಿನ್ ಇರುತ್ತದೆ, ಅದನ್ನು ಒತ್ತಿ ಹಿಡಿದು ಕೋಲನ್ನು ತಳ್ಳಿ. ತಳ್ಳುವಾಗ ಇನ್ನೊಂದು ಕೈಯಿಂದ ಕೆಳಗಿನ ಹೆಡ್ಡನ್ನು ಸ್ವಲ್ಪ ಸ್ವಲ್ಪ ತಿರುಗಿಸಿ. ಒಂದು ಕ್ಷಣದಲ್ಲಿ ಶಾಫ್ಟ್ ಕುಳಿಗೆ ಬಿದ್ದು ಕೋಲು ಇನ್ನೊಂದು ಬೆರಳಗಲ ಒಳಗೆ ಜಾರುತ್ತದೆ. ಆಮೇಲೆ ಪಿನ್ ಮೇಲಿನ ಕೊಳವೆಯ ತೂತಿನಲ್ಲಿ ಟಕ್ ಅಂತ ಹೊರಗೆ ಚಿಮ್ಮುತ್ತದೆ. ಆ ಸದ್ದು ಕೇಳಬೇಕು, ಪಿನ್ನಿನ ತಲೆ ತೂತಿನಿಂದ ಪೂರ್ತಿ ಎದ್ದು ಕಾಣಬೇಕು. ಅರ್ಧ ಎದ್ದಿದ್ದರೆ ಜೋಡಣೆ ಆಗಿಲ್ಲ. ಎರಡು ಕೈಯಿಂದ ಎಳೆದು ನೋಡಿ, ಬರಬಾರದು. ನಾಬ್ ಬಿಗಿ ಮಾಡುವುದು ಅದಾದ ಮೇಲೆ. ನಾಬ್ ಕೋಲು ಅಲ್ಲಾಡದ ಹಾಗೆ ಹಿಡಿಯುತ್ತದೆ ಅಷ್ಟೇ, ಕಳಚಿ ಬೀಳದ ಹಾಗೆ ತಡೆಯುವುದು ಪಿನ್.

ಪಿನ್ ಚಿಮ್ಮದಿದ್ದರೆ ಸಾಮಾನ್ಯವಾಗಿ ತೂತಿನಲ್ಲಿ ಮಣ್ಣು ಗಟ್ಟಿಯಾಗಿರುತ್ತದೆ. ಕಡ್ಡಿಯಿಂದ ತೆಗೆಯಿರಿ. ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ. ಶಾಫ್ಟ್ ತುದಿಗೆ ಬೆರಳ ತುದಿಯಷ್ಟು ಗ್ರೀಸ್ ಸವರಿ. ಮೂಲೆಗಳು ಆಗಲೇ ದುಂಡಗಾಗಿದ್ದರೆ ವೆಲ್ಡಿಂಗ್ ಮಾಡಿಸುವ ಸಾಹಸ ಬೇಡ, ಆ ಶಾಫ್ಟ್ ಬದಲಾಯಿಸಿ.

ನಡುಗುತ್ತದೆ

ನಡುಕವನ್ನು ಯಾವತ್ತೂ ಸಹಿಸಿಕೊಂಡು ಓಡಿಸಬೇಡಿ. ನಿಮಿಷಕ್ಕೆ 7000 ಸುತ್ತು ತಿರುಗುವ 255 ಮಿಲಿಮೀಟರ್ ಬ್ಲೇಡಿನ ಅಂಚು ಸೆಕೆಂಡಿಗೆ 93 ಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ಅದು ಸಡಿಲವಾಗಿದೆ ಅಂತ ನಿಮಗೆ ಹೇಳುವ ಮಾತು ಆ ನಡುಕ ಒಂದೇ.

ಬ್ಲೇಡಿನ ನಡುವಿನ ತೂತು ಸಾಮಾನ್ಯವಾಗಿ 25.4 ಮಿಲಿಮೀಟರ್. ಗೇರ್ ಬಾಕ್ಸಿನ ಫ್ಲಾಂಜ್ (ಬ್ಲೇಡ್ ಒರಗಿ ಕೂರುವ ತಟ್ಟೆ) ಮೇಲೆ ಅದಕ್ಕೆ ಸರಿಯಾದ ಒಂದು ದುಂಡು ಏರು ಇರುತ್ತದೆ, ಒಂದೆರಡು ಮಿಲಿಮೀಟರ್ ಎತ್ತರದ್ದು. ಬ್ಲೇಡ್ ಆ ಏರಿನ ಸುತ್ತ ಇಳಿದು ಫ್ಲಾಂಜ್‌ಗೆ ಚಪ್ಪಟೆಯಾಗಿ ಅಂಟಬೇಕು. ಏರಿನ ಅಂಚಿನ ಮೇಲೇ ಕೂತರೆ ಬ್ಲೇಡ್ ಒಂದು ಕಡೆ ವಾಲಿರುತ್ತದೆ. ನಟ್ ಹಾಕಿ ಬಿಗಿ ಮಾಡಿದಾಗ ಕೈಗೆ ಬಿಗಿಯಾದ ಹಾಗೇ ಅನಿಸುತ್ತದೆ. ನಟ್ ಹಾಕುವ ಮೊದಲು ಬ್ಲೇಡನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಿ. ಸರಿಯಾಗಿ ಕೂತಿದ್ದರೆ ಅದು ಪಕ್ಕಕ್ಕೆ ಜಾರುವುದಿಲ್ಲ.

ಪರೀಕ್ಷೆ ಸುಲಭ. ಗಾರ್ಡಿಗೆ ಒಂದು ಕಡ್ಡಿ ಕಟ್ಟಿ ಅದರ ತುದಿ ಬ್ಲೇಡಿನ ಅಂಚಿನ ಹತ್ತಿರ ಬರುವ ಹಾಗೆ ಮಾಡಿ. ಪ್ಲಗ್ ಕಿತ್ತಿರಲಿ, ಕೈಗವಸು ಇರಲಿ. ಬ್ಲೇಡನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ. ಒಂದೊಂದು ಹಲ್ಲಿನ ತುದಿಗೂ ಕಡ್ಡಿಗೂ ನಡುವಿನ ಅಂತರ ಹಿಗ್ಗಿ ಕುಗ್ಗಿದರೆ ಬ್ಲೇಡ್ ನಡುಮಧ್ಯ ಕೂತಿಲ್ಲ. ಹಲ್ಲುಗಳು ಮೇಲೆ ಕೆಳಗೆ ತುಯ್ದಾಡಿದರೆ ಬ್ಲೇಡ್ ಬಗ್ಗಿದೆ, ಇಲ್ಲವೇ ಫ್ಲಾಂಜ್ ಮೇಲೆ ಮಣ್ಣು ಕೂತಿದೆ. ಬಗ್ಗಿದ, ಬಿರುಕು ಬಿಟ್ಟ ಬ್ಲೇಡನ್ನು ತಟ್ಟಿ ನೇರ ಮಾಡುವುದಾಗಲಿ, ವೆಲ್ಡ್ ಮಾಡುವುದಾಗಲಿ ಬೇಡ. ಎಸೆಯಿರಿ.

ನಟ್ ಬಿಚ್ಚುವಾಗ ನೆನಪಿಡಿ, ಇದರ ತಿರುಪು (ಥ್ರೆಡ್) ಉಲ್ಟಾ. ಬಹುಪಾಲು ಗೇರ್ ಬಾಕ್ಸ್‌ಗಳಲ್ಲಿ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಓಡುವಾಗ ನಟ್ ತಾನಾಗಿ ಸಡಿಲವಾಗದಿರಲಿ ಅಂತ ಹೀಗೆ ಮಾಡಿರುತ್ತಾರೆ. ಫ್ಲಾಂಜ್ ಪಕ್ಕದ ತೂತಿಗೆ ಅಲೆನ್ ಕೀ ತೂರಿಸಿ ಶಾಫ್ಟ್ ಲಾಕ್ ಮಾಡಿಕೊಂಡು ಬಿಚ್ಚಿ. ಕೆಲಸ ಮುಗಿದ ಮೇಲೆ ಆ ಕೀ ಹೊರತೆಗೆದಿದ್ದೀರಾ ಅಂತ ಎರಡು ಸಲ ನೋಡಿ. ಲಾಕ್ ನಟ್ ಬೆರಳಿನಿಂದಲೇ ಪೂರ್ತಿ ತಿರುಗುತ್ತಿದ್ದರೆ ಅದರ ಹಿಡಿತ ಹೋಗಿದೆ, ಹೊಸದು ಹಾಕಿ.

ಬ್ಲೇಡಿಗೆ ಬ್ಲೇಡಿನದ್ದೇ ಗಾರ್ಡ್, ದಾರಕ್ಕೆ ದಾರದ್ದೇ ಗಾರ್ಡ್. ಬ್ಲೇಡ್ ಮೇಲಿನಿಂದ ನೋಡಿದಾಗ ಎಡಕ್ಕೆ ಸುತ್ತುತ್ತದೆ. ಹಾಗಾಗಿ ಅದರ ಬಲ ಮುಂಭಾಗ ಕಲ್ಲಿಗೋ ಗಟ್ಟಿ ಬುಡಕ್ಕೋ ತಾಗಿದರೆ ಮೆಷಿನ್ ಒಮ್ಮೆಲೇ ಪಕ್ಕಕ್ಕೆ ಒದೆಯುತ್ತದೆ. ಎಡ ಮುಂಭಾಗದಿಂದ ಕತ್ತರಿಸಿ. ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಬೇಡ. ಬೂಟು, ದಪ್ಪ ಪ್ಯಾಂಟು, ಕನ್ನಡಕ ಬೇಕೇ ಬೇಕು.

ಬ್ಲೇಡ್ ಸರಿ ಇದ್ದೂ ನಡುಗುತ್ತಿದ್ದರೆ ಹೆಡ್ಡಿನ ಕೆಳಗೆ ನೋಡಿ. ಬಳ್ಳಿ, ತೆಂಗಿನ ನಾರು, ಡ್ರಿಪ್ ಪೈಪಿನ ಚೂರು ಶಾಫ್ಟಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಅದು ಸೀಲನ್ನು ತಿಂದು ಗೇರ್ ಬಾಕ್ಸಿನ ಗ್ರೀಸ್ ಹೊರಗೆ ಬಿಡುತ್ತದೆ.

ದಾರ ಬರುವುದಿಲ್ಲ

ಟ್ಯಾಪ್ ಅಂಡ್ ಗೋ ಹೆಡ್ಡನ್ನು ನೆಲಕ್ಕೆ ತಟ್ಟಿದರೆ ದಾರ ಬರಬೇಕು. ಬರದಿದ್ದರೆ ಒಳಗೆ ದಾರ ಒಂದಕ್ಕೊಂದು ಅಂಟಿದೆ, ಇಲ್ಲವೇ ಸುತ್ತು ಮೇಲೆ ಕೆಳಗೆ ಆಗಿದೆ. ಬಿಚ್ಚಿ, ಬಾಬಿನ್ ಮೇಲಿನ ಬಾಣದ ದಿಕ್ಕಿಗೆ, ಒಂದರ ಪಕ್ಕ ಒಂದು ಬರುವ ಹಾಗೆ ಬಿಗಿಯಾಗಿ ಸುತ್ತಿ. ತುಂಬ ದಿನ ಇಟ್ಟ ನೈಲಾನ್ ಒಣಗಿ ಪೆಡಸಾಗಿ ತುಂಡಾಗುತ್ತದೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಮತ್ತೆ ಮೆತ್ತಗಾಗುತ್ತದೆ, ನೈಲಾನ್ ನೀರು ಹೀರುತ್ತದೆ. ಹೆಡ್ಡಿಗೆ ಬರೆದ ದಪ್ಪಕ್ಕಿಂತ ದಪ್ಪನೆಯ ದಾರ ಹಾಕಬೇಡಿ. ದಾರದ ಬದಲು ಬೈಂಡಿಂಗ್ ವೈರ್ ಅಥವಾ ಸೈಕಲ್ ಬ್ರೇಕ್ ವೈರ್ ಹಾಕುವುದು ಕೊಲೆಗಡುಕ ಕೆಲಸ. ಅದು ತುಂಡಾಗಿ ಹಾರಿದರೆ ಗುಂಡಿನ ಹಾಗೆ ಹೋಗುತ್ತದೆ.

ಗೇರ್ ಬಾಕ್ಸ್, ಹೆಡ್ಜ್ ಟ್ರಿಮ್ಮರ್, ಗರಗಸ

ಗೇರ್ ಬಾಕ್ಸ್ ಕೈ ಇಡಲಾಗದಷ್ಟು ಬಿಸಿಯಾದರೆ ಒಳಗೆ ಗ್ರೀಸ್ ಇಲ್ಲ, ಇಲ್ಲವೇ ತೀರಾ ಜಾಸ್ತಿ ಇದೆ. ಪಕ್ಕದ ಸ್ಕ್ರೂ ಬಿಚ್ಚಿ ಲಿಥಿಯಂ ಗ್ರೀಸ್ ಮುಕ್ಕಾಲು ಭಾಗ ಬರುವಷ್ಟು ತುಂಬಿ. ಸುಮಾರು 25 ಗಂಟೆ ಓಡಿಸಿದ ಮೇಲೊಮ್ಮೆ ನೋಡಿದರೆ ಸಾಕು.

ಹೆಡ್ಜ್ ಟ್ರಿಮ್ಮರ್ ಎಲೆಯನ್ನು ಕತ್ತರಿಸದೆ ಜಗಿಯುತ್ತಿದ್ದರೆ ಅಲಗುಗಳಿಗೆ ಗಿಡದ ಹಾಲು, ಅಂಟು ಹಿಡಿದಿದೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಹಗುರ ಎಣ್ಣೆ ಹಚ್ಚಿ. ಆದರೂ ಜಗಿದರೆ ಎರಡು ಅಲಗುಗಳ ನಡುವೆ ಸಂದು ಬಿದ್ದಿದೆ, ಸಾಣೆ ಹಿಡಿಸುವುದರಿಂದ ಅದು ಸರಿಯಾಗುವುದಿಲ್ಲ, ಅಲಗಿನ ಬೋಲ್ಟ್ ಬಿಗಿ ಮಾಡಿಸಬೇಕು.

ಚೈನ್ ಗರಗಸ ಮರದಲ್ಲಿ ಹೊಗೆ ಎಬ್ಬಿಸಿದರೆ ಮೂರು ಕಾರಣ. ಚೈನ್ ಉಲ್ಟಾ ಹಾಕಿರಬಹುದು. ಬಾರಿನ (ಚೈನ್ ಸುತ್ತುವ ಉದ್ದ ಪಟ್ಟಿ) ಮೇಲ್ಭಾಗದಲ್ಲಿ ಹಲ್ಲಿನ ಚೂಪು ಬಾರಿನ ತುದಿಯ ಕಡೆ ನೋಡುತ್ತಿರಬೇಕು. ಎರಡು, ಎಣ್ಣೆ ಬರುತ್ತಿಲ್ಲ. ಬಾರಿನ ತುದಿಯನ್ನು ರಟ್ಟಿನ ಹತ್ತಿರ ಹಿಡಿದು ಓಡಿಸಿ, ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಬಾರ್ ಬಿಚ್ಚಿ ಎಣ್ಣೆ ತೂತು ಬಿಡಿಸಿ. ಮೂರು, ಚೈನ್ ತೀರಾ ಬಿಗಿ. ಬಾರಿನ ನಡುವೆ ಕೆಳಗಿನಿಂದ ಎಳೆದಾಗ ಎರಡು ಮೂರು ಮಿಲಿಮೀಟರ್ ಬರಬೇಕು, ಒಳಹಲ್ಲು ಬಾರಿನ ತೋಡಿನಿಂದ ಪೂರ್ತಿ ಹೊರಗೆ ಬರಬಾರದು. ಓಡಿ ಬಿಸಿಯಾದ ಚೈನನ್ನು ಬಿಗಿ ಮಾಡಬೇಡಿ, ತಣ್ಣಗಾದಾಗ ಕುಗ್ಗಿ ಬಾರನ್ನು ಹಿಡಿದುಕೊಳ್ಳುತ್ತದೆ.

ಈ ಗರಗಸದ ಕೋಲು ಹೆಚ್ಚಾಗಿ ಅಲ್ಯೂಮಿನಿಯಂ. ನಮ್ಮ ತೋಟಗಳಲ್ಲಿ ಮರದ ನಡುವೆಯೇ ಕರೆಂಟ್ ಲೈನ್ ಹಾದುಹೋಗುತ್ತದೆ, ಅಲ್ವಾ. ಲೈನಿನಿಂದ 10 ಮೀಟರ್ ಒಳಗೆ ಈ ಕೋಲು ಎತ್ತಬೇಡಿ. ಆ ಕೊಂಬೆ ಲೈನ್‌ಮನ್‌ಗೆ ಬಿಡಿ, ಅವರು ಲೈನ್ ಆಫ್ ಮಾಡಿಸಿ ಕಡಿಯುತ್ತಾರೆ.

ಬ್ಯಾಟರಿಯದ್ದಾದರೆ

ಕಪ್ಲಿಂಗ್, ಬ್ಲೇಡ್, ದಾರದ ವಿಷಯ ಎಲ್ಲ ಹಾಗೇ. ಪ್ಲಗ್ ಕೀಳುವ ಬದಲು ಬ್ಯಾಟರಿ ಹೊರತೆಗೆಯಿರಿ. ಸ್ಟಾರ್ಟ್ ಆಗದಿದ್ದರೆ ಮೊದಲು ಬ್ಯಾಟರಿಯ ಲೋಹದ ಪಟ್ಟಿಗಳನ್ನು ಒಣ ಬಟ್ಟೆಯಿಂದ ಒರೆಸಿ. ಬಿಸಿಲಲ್ಲಿ ಬಿಟ್ಟ ಬ್ಯಾಟರಿ ತಣ್ಣಗಾಗುವವರೆಗೆ ಕೆಲಸ ಮಾಡದಿರುವುದೂ, ಚಾರ್ಜ್ ಆಗದಿರುವುದೂ ಮಾಮೂಲು.

ಅಂಗಡಿಗೆ ಯಾವಾಗ

ಸುಟ್ಟ ವಾಸನೆ ಬಂದರೆ, ಮೈಗೆ ಜುಮ್ ಅಂದರೆ, ಮೆಷಿನ್ ಸಿಕ್ಕಿಸಿದ ಮೇಲೆ ಆರ್‌ಸಿಸಿಬಿ ಬಿದ್ದರೆ, ಮೋಟಾರ್ ಒಳಗೆ ಉಕ್ಕು ಉಜ್ಜುವ ಸದ್ದು ಬಂದರೆ ನೀವು ಬಿಚ್ಚಬೇಡಿ. ಡಬಲ್ ಇನ್ಸುಲೇಷನ್ ಮೆಷಿನ್ನಿನ ಒಳಗೆ ಪ್ಲಾಸ್ಟಿಕ್ ತಡೆಗಳು ಇರುತ್ತವೆ. ವಾಪಸ್ ಜೋಡಿಸುವಾಗ ಒಂದು ಬಿಟ್ಟುಹೋದರೂ ಮೆಷಿನ್ ಓಡುತ್ತದೆ, ರಕ್ಷಣೆ ಮಾತ್ರ ಹೋಗಿರುತ್ತದೆ.

ಒಯ್ಯುವಾಗ ಎರಡೂ ಅರ್ಧ ಒಯ್ಯಿರಿ. ತೊಂದರೆ ಕೊಟ್ಟ ಅಟ್ಯಾಚ್‌ಮೆಂಟ್, ಅದರ ಗಾರ್ಡ್, ನೀವು ಬಳಸಿದ ಎಕ್ಸ್‌ಟೆನ್ಷನ್ ವೈರ್ ಎಲ್ಲ ಜೊತೆಗಿರಲಿ. ಯಾವುದನ್ನು ಹಾಕಿದಾಗ ತೊಂದರೆ ಬರುತ್ತದೆ, ಯಾವುದನ್ನು ಹಾಕಿದಾಗ ಬರುವುದಿಲ್ಲ ಅಂತ ಒಂದು ಚೀಟಿಯಲ್ಲಿ ಬರೆದು ಕೋಲಿಗೆ ಕಟ್ಟಿ ಕೊಡಿ.